ಆರ್ಡಿಸ್ ಬೆಲ್ಟು ಮುಟ್ಟುವುದಿಲ್ಲ

ಗುರುವಾರ, ಬೆಳಗಿನ ಐದೂ ನಲವತ್ತು. ಓಕ್ ಗುಡ್ಡದ ದಾರಿಯಲ್ಲಿರುವ ಗ್ಯಾರೇಜಿನ ಬಾಗಿಲು ಅರ್ಧ ಎದ್ದಿದೆ, ಯಜಮಾನರು ಪೂರ್ತಿ ಎದ್ದಿದ್ದಾರೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ, ಕೂತು ಓಡಿಸುವ, ಹುಲ್ಲು ಕತ್ತರಿಸುವ ಮೋವರ್ ನಿಂತಿದೆ. ನಿಂತು ಕೆಲಸ ಮಾಡಬೇಕಾದವರು ಕೂತಿದ್ದಾರೆ. ಬೋರಲು ಹಾಕಿದ ಉಪ್ಪಿನಕಾಯಿ ಬಕೆಟ್ಟಿನ ಮೇಲೆ ಆರ್ಡಿಸ್ ಹೌಗ್ಲಂಡ್, ಅರವತ್ತೆಂಟು ವರ್ಷ, ಎರಡೂ ಅಂಗೈ ಕಾಫಿ ಲೋಟದ ಸುತ್ತ. ಎದುರಿಗೆ ಹಳೆಯ ಕಾರ್ಪೆಟ್ಟಿನ ತುಂಡಿನ ಮೇಲೆ ಮಂಡಿಯೂರಿ ವರ್ಲಿನ್ ಟೆಸ್ಡಾಲ್, ಎಪ್ಪತ್ತೊಂಬತ್ತು ವರ್ಷ, ಮೋವರಿನ ಮಾಲೀಕ.

"ಸ್ಪಾರ್ಕ್ ಪ್ಲಗ್ಗಿನ ತಂತಿ ಕಿತ್ಯಾ?"

"ಕಿತ್ತೆ."

"ತೋರ್ಸು."

"ಕಿತ್ತೆ ಅಂದ್ನಲ್ಲಮ್ಮ."

"ಅಂದಿದ್ದು ಕೇಳಿಸ್ತು ವರ್ಲಿನ್. ಈಗ ತೋರ್ಸು."

ಎಂಜಿನ್ ತಪ್ಪಿ ಶುರುವಾಗದಂತೆ ಕಿತ್ತ ತಂತಿಯ ತುದಿಯನ್ನು ವರ್ಲಿನ್ ಇಲಿಯ ಬಾಲ ಹಿಡಿದಂತೆ ಎತ್ತಿ ತೋರಿಸುತ್ತಾರೆ. ಆರ್ಡಿಸ್ ಒಂದು ಗುಟುಕು ಕಾಫಿ ಕುಡಿದು ತಲೆಯಾಡಿಸುತ್ತಾರೆ. ಕೆಲಸ ಶುರುವಾಗಿದೆ; ಪತ್ರಿಕೆಗೆ ಬರೆಯಲು ಬಂದ ನಾನೂ ಮೂಲೆಯಲ್ಲಿ ಟಿಪ್ಪಣಿ ಪುಸ್ತಕ ಬಿಚ್ಚುತ್ತೇನೆ.

ನಾರ್ಡಾಲ್ ಪಟ್ಟಣದ ಸುತ್ತಲ ಹದಿನೈದು ಮೈಲಿಯೊಳಗೆ ಯಾರ ಮೋವರಿನ ಬೆಲ್ಟು ಸವೆದರೂ ಕರೆ ಹೋಗುವುದು ಆರ್ಡಿಸ್ ಅವರಿಗೆ. ಇವರು ಮನೆಗೆ ಬರುತ್ತಾರೆ, ಬೆಲ್ಟು ಬದಲಾಯಿಸುತ್ತಾರೆ. ಅಲ್ಲ, ತಪ್ಪಾಯಿತು: ಬದಲಾಯಿಸುವುದು ನೀವು. ಇವರು ಬಕೆಟ್ಟಿನ ಮೇಲೆ ಕೂರುತ್ತಾರೆ. ಸ್ಪ್ಯಾನರ್ ಹಿಡಿಯುವುದಿಲ್ಲ, ಬೋಲ್ಟು ತಿರುಗಿಸುವುದಿಲ್ಲ, ಬೆಲ್ಟಿಗಂತೂ ಬೆರಳು ತಾಗಿಸುವುದಿಲ್ಲ. ಹೇಳುತ್ತಾರೆ, ಅಷ್ಟೇ. ಕೆಲಸ ಮುಗಿಯುವ ಹೊತ್ತಿಗೆ ನಿಮ್ಮ ಅಂಗಿ ನಾಯಿ ಮಲಗೆದ್ದ ಗೋಣಿಚೀಲ, ಅವರ ಕಾಲರು ಇಸ್ತ್ರಿ ಮಾಡಿದ ಹಾಗೇ ಇರುತ್ತದೆ.

ಇವತ್ತಿನ ಬೆಲ್ಟು ಮಾತ್ರ ಸಾಮಾನ್ಯದ್ದಲ್ಲ. ಅದಕ್ಕೆ ಒಂದು ಗುಡ್ಡ ನೇತುಬಿದ್ದಿದೆ.

ವರ್ಲಿನ್ ಇಪ್ಪತ್ತಾರು ವರ್ಷದಿಂದ ಓಕ್ ಗುಡ್ಡದ ಚರ್ಚಿನ ಸ್ಮಶಾನದ ಹುಲ್ಲು ಕತ್ತರಿಸುತ್ತಿದ್ದಾರೆ. ಸಂಬಳವಿಲ್ಲ, ಯಾರೂ ಕೇಳಿದ್ದೂ ಇಲ್ಲ. ಆ ನೆಲ ಮೇಲಿನ ಗೇಟಿನಿಂದ ಕೆಳಗಿನ ತೊರೆಯವರೆಗೆ ಇಳಿಜಾರು. ಈ ವಸಂತದಲ್ಲಿ ಮೋವರ್ ಇಳಿಯುತ್ತದೆ, ಹತ್ತುವುದಿಲ್ಲ. ಎಂಜಿನ್ ಅರಚುತ್ತದೆ, ಚಕ್ರ ಸುಮ್ಮನೆ ನಿಂತಿರುತ್ತದೆ. ನಡುವೆ ಶಕ್ತಿ ಸಾಗಿಸುವ ಬೆಲ್ಟು ಸವೆದು ಜಾರುತ್ತಿದೆ. ಸೋಮವಾರ ಮೆಮೋರಿಯಲ್ ಡೇ, ಮಡಿದ ಸೈನಿಕರನ್ನು ನೆನೆಯುವ ದಿನ. ಶನಿವಾರ ಬೆಳಿಗ್ಗೆ ಎಂಟಕ್ಕೆ ಮಾಜಿ ಸೈನಿಕರು ಬಂದು ಸಮಾಧಿಗಳ ಪಕ್ಕ ಬಾವುಟ ನೆಡುತ್ತಾರೆ. ಭಾನುವಾರ ದೂರದೂರದಿಂದ ಮಕ್ಕಳು ಮೊಮ್ಮಕ್ಕಳು ಕಾಫಿ ಡಬ್ಬಗಳಲ್ಲಿ ಪಿಯೊನಿ ಹೂ ಹಿಡಿದು ಬರುತ್ತಾರೆ. ಹುಲ್ಲು ಈಗ ಮೊಣಕಾಲಿಗೆ ಬಂದಿದೆ.

ಸ್ಮಶಾನ ಸಮಿತಿಯ ಅಧ್ಯಕ್ಷೆ ಮಾರ್ಜೀನ್ ಓಪೆಗಾರ್ಡ್ ಕಳೆದ ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ವರ್ಲಿನ್ ಅವರ ತೋಳು ಮುಟ್ಟಿ, ತೀರಾ ಮೆತ್ತಗೆ ಹೇಳಿದ್ದಾರೆ: ಶುಕ್ರವಾರ ಸಂಜೆಯೊಳಗೆ ಆಗದಿದ್ದರೆ ಜಿಲ್ಲಾ ಪಟ್ಟಣದ ಹುಲ್ಲಿನ ಕಂಪನಿಗೆ ಫೋನ್ ಮಾಡುತ್ತೇವೆ, ನೀನು ಬೇಜಾರು ಮಾಡಿಕೊಳ್ಳಬಾರದು. ಒಂದು ಸಲ ಕಂಪನಿ ಬಂದರೆ ಮುಂದೆ ಏನಾಗುತ್ತದೆಂದು ವರ್ಲಿನ್‌ಗೆ ಗೊತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಒಂದು ಕೇಕು, ಒಂದು ಚಪ್ಪಾಳೆ, 'ಇಷ್ಟು ವರ್ಷ ಸೇವೆ' ಎಂದು ಕೆತ್ತಿದ ಒಂದು ಗಡಿಯಾರ.

"ಅಲ್ಲಿ ಮಲಗಿರೋರಲ್ಲಿ ಅರ್ಧ ಜನ ನನಗೆ ಗೊತ್ತಿದ್ರು, ಇನ್ನರ್ಧ ಜನಕ್ಕೆ ನಾನು ಗೊತ್ತಿದ್ದೆ," ಎನ್ನುತ್ತಾರೆ ವರ್ಲಿನ್. "ಯಾರ ಕಲ್ಲು ಯಾವ ಕಡೆ ವಾಲಿದೆ, ಎಲ್ಲಿ ನೆಲ ಕುಸಿದಿದೆ, ಯಾವ ಮಗುವಿನ ಕಲ್ಲು ಹುಲ್ಲೊಳಗೆ ಮುಳುಗಿದೆ, ಎಲ್ಲಾ ತಲೇಲಿದೆ. ಕಂಪನಿ ಹುಡುಗ್ರು ಬರ್ತಾರೆ, ಕಿವಿಗೆ ಹಾಡು ಹಾಕ್ಕೋತಾರೆ, ಬರ್ರ್ ಅಂತ ಹೋಗ್ತಾರೆ. ಕಲ್ಲಿನ ಮೂಲೆ ಹಾರಿಹೋಗುತ್ತೆ."

ಸಮಿತಿಯ ಚಿಂತೆ ಮೋವರಿನದ್ದಷ್ಟೇ ಅಲ್ಲ. ವರ್ಲಿನ್ ಅವರ ಬೆರಳ ಗಂಟುಗಳು ಶುಂಠಿಯ ಗಡ್ಡೆಯಂತೆ ಊದಿಕೊಂಡಿವೆ. ತನ್ನ ಮೋವರಿನ ಬೆಲ್ಟು ತಾನು ಹಾಕಿಕೊಳ್ಳಲಾರದವನು ಆ ಇಳಿಜಾರಿನಲ್ಲಿ ಅದನ್ನು ಹಿಡಿದಾನೆಯೇ ಎಂಬ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಿಲ್ಲ. ಗಟ್ಟಿಯಾಗಿ ಕೇಳಿರುವವರು ವರ್ಲಿನ್ ಒಬ್ಬರೇ, ತಮ್ಮನ್ನು ತಾವೇ.

ಆರ್ಡಿಸ್ ಅವರ ಮುಟ್ಟದ ವ್ರತ ಆಚಾರದಿಂದ ಬಂದದ್ದಲ್ಲ, ಅವಮಾನದಿಂದ ಬಂದದ್ದು. ಹಾಲಿನ ಹಸುಗಳಿದ್ದ ಮನೆಯ ನಾಲ್ಕನೆಯ ಮಗಳು. ಯಂತ್ರ ಬಿಚ್ಚುವ ಹುಚ್ಚು. ಇಪ್ಪತ್ತೆಂಟಕ್ಕೆ ನಾರ್ಡಾಲ್‌ನ ಕೃಷಿ ಯಂತ್ರಗಳ ಅಂಗಡಿಯಲ್ಲಿ ಮೆಕ್ಯಾನಿಕ್ ಕೆಲಸ ಕೇಳಲು ಹೋದರು. ಮೆಕ್ಯಾನಿಕ್ ಕೆಲಸ ಇವರಿಗಿಂತ ಆರು ವರ್ಷ ಚಿಕ್ಕವನೊಬ್ಬನಿಗೆ ಹೋಯಿತು, ಇವರಿಗೆ ಬಿಡಿಭಾಗಗಳ ಕೌಂಟರು ಸಿಕ್ಕಿತು. ಅಂಗಡಿಯ ಹಿಂಬದಿಯ ರಿಪೇರಿ ಕೋಣೆಗೆ ಕಾಲಿಡುವಂತಿಲ್ಲ. ಮ್ಯಾನೇಜರ್ ಹೇಳುತ್ತಿದ್ದುದನ್ನು ಆರ್ಡಿಸ್ ಈಗಲೂ ಅವನ ಮೂಗಿನ ಸ್ವರದಲ್ಲೇ ಹೇಳುತ್ತಾರೆ: "ಮುಟ್ಟಬೇಡಮ್ಮಾ, ಬೆರಳು ಹೋದರೆ ಪಿಯಾನೋ ಯಾರು ಬಾರಿಸೋರು?"

"ನನಗೆ ಪಿಯಾನೋ ಬರಲ್ಲ," ಎಂದು ಸೇರಿಸುತ್ತಾರೆ. "ಅವತ್ತೂ ಬರ್ತಿರ್ಲಿಲ್ಲ."

ಮೂವತ್ತೊಂದು ವರ್ಷ ಆ ಕೌಂಟರಿನ ಹಿಂದೆ ನಿಂತರು. ಯಂತ್ರ ಮುಟ್ಟಲಿಲ್ಲ, ಯಂತ್ರದ ಚಿತ್ರ ನೋಡಿದರು. ಪ್ರತಿ ತಿರುಪೂ ಬಿಚ್ಚಿ ಗಾಳಿಯಲ್ಲಿ ತೇಲಿಬಿಟ್ಟಂತಿರುವ ಆ ಕೈಪಿಡಿಯ ಚಿತ್ರಗಳನ್ನು ಪುಟ ಪುಟ ಬಾಯಿಪಾಠ ಮಾಡಿದರು. ಗ್ಯಾರೇಜಿನಲ್ಲಿ ಸಿಕ್ಕಿಹಾಕಿಕೊಂಡ ಗಂಡಸರು ಫೋನ್ ಮಾಡಿದಾಗ ಕಣ್ಣು ಮುಚ್ಚಿ ಆ ಚಿತ್ರವನ್ನು ತಲೆಯಲ್ಲಿ ತಿರುಗಿಸುತ್ತಾ ದಾರಿ ಹೇಳಿದರು. ಹಿಂದಿನ ಕೋಣೆಯ ಮೆಕ್ಯಾನಿಕ್ಕುಗಳೂ ಕೊನೆಕೊನೆಗೆ ಬಾಗಿಲಿನಿಂದ ತಲೆ ಹಾಕಿ, "ಆರ್ಡಿಸ್, ಇದರ ಹಿಂದಿನ ಪುಲ್ಲಿಗೆ ಬೆಲ್ಟು ಮೇಲಿಂದ ಬರುತ್ತಾ ಕೆಳಗಿಂದಾನಾ?" ಎಂದು ಕೇಳತೊಡಗಿದರು.

ಒಂಬತ್ತು ವರ್ಷದ ಹಿಂದೆ ಅಂಗಡಿ ಮುಚ್ಚಿತು. ಫೋನು ಮುಚ್ಚಲಿಲ್ಲ; ಅಂಗಡಿಯ ನಂಬರಿಗೆ ಬರುತ್ತಿದ್ದ ಕರೆಗಳು ಮನೆಯ ನಂಬರಿಗೆ ಬಂದವು. ಆರ್ಡಿಸ್ ಒಂದು ಬಕೆಟ್ಟು ಕೊಂಡರು.

"ಮುಟ್ಟಬೇಡ ಅಂದ್ರು. ಸರಿ ಅಂತ ಮುಟ್ಟದೇನೇ ಕಲಿತೆ. ಈಗ ಮುಟ್ಟದೇನೇ ಕಲಿಸ್ತೀನಿ. ನಾನು ಹಾಕಿಕೊಟ್ರೆ ಬರೋ ವರ್ಷ ಮತ್ತೆ ನನ್ನೇ ಕರೀತಾರೆ. ಅವರೇ ಹಾಕಿದ್ರೆ ಪಕ್ಕದ ಮನೆಯೋರಿಗೂ ಹೇಳಿಕೊಡ್ತಾರೆ, ಜಂಬ ಕೊಚ್ಚೋಕಾದ್ರೂ."

ಏಪ್ರಿಲ್‌ನಿಂದ ಜೂನ್‌ವರೆಗೆ ದಿನಕ್ಕೆ ಹದಿನಾಲ್ಕು ಹದಿನೈದು ಕರೆ, ವಾರಕ್ಕೆ ನಾಲ್ಕೈದು ಗ್ಯಾರೇಜು. ಮನೆಗೆ ಇಪ್ಪತ್ತು ಡಾಲರು, ಇಲ್ಲದಿದ್ದರೆ ಮೊಟ್ಟೆ, ಜಿಂಕೆಯ ಸಾಸೇಜು, ರೂಬಾರ್ಬ್ ಎಂಬ ಹುಳಿ ದಂಟಿನ ಕಂತೆ. ಎಲ್ಲಕ್ಕಿಂತ ಮೊದಲು ಒಂದು ಶಿಸ್ತು: ಹಳೆಯ ಬೆಲ್ಟು ಕಳಚುವ ಮುಂಚೆ ಅದು ಯಾವ ಪುಲ್ಲಿಯ, ಅಂದರೆ ರಾಟೆಯ, ಮೇಲೆ ಹೊಕ್ಕು ಯಾವುದರ ಕೆಳಗೆ ಹೊರಡುತ್ತದೆಂದು ಮಾಲೀಕರು ಒಂದು ರಟ್ಟಿನ ಮೇಲೆ ಚಿತ್ರ ಬರೆಯಬೇಕು. ಬರೆದು, ತಾರೀಖು ಹಾಕಿ, ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆಯಬೇಕು. ಸೀರಿಯಲ್ ಪೆಟ್ಟಿಗೆ, ಪಿಜ್ಜಾ ಪೆಟ್ಟಿಗೆ, ಬಿಯರಿನ ಪೆಟ್ಟಿಗೆ, ಏನಾದರೂ ಆದೀತು. ಈ ಜಿಲ್ಲೆಯ ನಾನೂರಕ್ಕೂ ಹೆಚ್ಚು ಗೋಡೆಗಳ ಮೇಲೆ ಇಂಥ ಕಲೆ ತೂಗುತ್ತಿದೆ. ಒಬ್ಬರದು ಎಂಟರ ಅಂಕೆಯಂತೆ, ಇನ್ನೊಬ್ಬರದು ನೂಡಲ್ ತಿಂದ ತಟ್ಟೆಯಂತೆ. ವರ್ಲಿನ್ ಬರೆದದ್ದು ಬಸುರಿ ನಾಯಿಯ ಹಾಗಿದೆ.

"ನಾಯಿಗೆ ಮೂರೇ ಕಾಲು," ಎನ್ನುತ್ತಾರೆ ಆರ್ಡಿಸ್ ಬಕೆಟ್ಟಿನಿಂದ.

"ಅದು ನಾಯಿ ಅಲ್ಲ."

"ಗೊತ್ತು. ಪುಲ್ಲಿ ನಾಲ್ಕಿವೆ, ನೀನು ಮೂರು ಬರ್ದಿದ್ದೀಯ. ಸೀಟಿನ ಕೆಳಗಿನ ಚಪ್ಪಟೆ ಪುಲ್ಲಿ ಎಲ್ಲಿ?"

ವರ್ಲಿನ್ ಬಗ್ಗಿ ನೋಡುತ್ತಾರೆ. ಗೊಣಗುತ್ತಾರೆ. ನಾಯಿಗೆ ಕಾಲು ಬರುತ್ತದೆ.

ಅಷ್ಟರಲ್ಲಿ ಆರ್ಡಿಸ್ ಅವರ ಫೋನು. ಸ್ಪೀಕರಿಗೆ ಹಾಕುತ್ತಾರೆ, ಕಣ್ಣು ಮುಚ್ಚುತ್ತಾರೆ. ಹೆಸರು ಆಮೇಲೆ, ಮೊದಲು ಶಬ್ದ. ಅದು ಇವರ ಪದ್ಧತಿ. ಮೋವರ್ ಹೇಗೆ ಕೂಗುತ್ತದೆಂದು ಮಾಲೀಕರು ಬಾಯಲ್ಲಿ ಕೂಗಿ ತೋರಿಸಬೇಕು. 'ಪಟಪಟಪಟ' ಎಂದರೆ ಬೆಲ್ಟಿನ ಅಂಚಿನ ನೂಲು ಬಿಚ್ಚಿ ಎಲ್ಲಿಗೋ ಬಡಿಯುತ್ತಿದೆ. 'ಗುಂಯ್ಯ್... ಉಸ್ಸ್' ಎಂದರೆ ಜಾರುತ್ತಿದೆ. ಬೆಲ್ಟಿನದ್ದಲ್ಲದ ಕೂಗೂ ಉಂಟು, ಅದಕ್ಕೇ ಈ ಪರೀಕ್ಷೆ.

"ಕ್ರೀಈಈಈ... ಠಕ್," ಎನ್ನುತ್ತದೆ ಫೋನಿನ ಗಂಡಸಿನ ದನಿ, ಕೊಂಚ ನಾಚಿಕೆಯಿಂದ.

"ಠಕ್ ಮೊದಲೋ, ಕ್ರೀ ಮೊದಲೋ?"

"ಕ್ರೀ... ಅಲ್ಲ, ಠಕ್... ತಾಳಿ."

ಹಿಂದಿನಿಂದ ಹೆಂಗಸಿನ ದನಿ: "ನಿಂಗೆ ಬರಲ್ಲ, ಕೊಡು ಇಲ್ಲಿ. ಆರ್ಡಿಸ್, ಕೇಳು. ಕಿರ್-ರ್-ರ್-ರ್ರೀಈಈಈ! ಹಿಂಗೆ. ಬೆಳಿಗ್ಗೆ ತಣ್ಣಗಿದ್ದಾಗ ಜೋರು, ಆಮೇಲೆ ಕಮ್ಮಿ. ಠಕ್ ಅನ್ನೋದು ಮೋವರಲ್ಲ, ಇವ್ನ ಮಂಡಿ."

"ಬೆಲ್ಟು ಚೆನ್ನಾಗಿದೆ, ಪುಲ್ಲಿಯ ಬೇರಿಂಗ್ ಒಣಗಿದೆ," ಎನ್ನುತ್ತಾರೆ ಆರ್ಡಿಸ್ ಕಣ್ಣು ತೆರೆದು. "ಬೆಲ್ಟು ಕೊಳ್ಳಬೇಡಿ. ಮಂಡಿಗೆ ನನ್ನ ಹತ್ರ ಭಾಗ ಇಲ್ಲ."

ಇತ್ತ ವರ್ಲಿನ್ ಅಲಗುಗಳಿರುವ ಕೆಳಗಿನ ಪೆಟ್ಟಿಗೆಯನ್ನು ಪಿನ್ನು ಕಿತ್ತು ಪಕ್ಕಕ್ಕೆ ಎಳೆದಿದ್ದಾರೆ. ಬೆಲ್ಟನ್ನು ಬಿಗಿಯಾಗಿಡುವ ಸ್ಪ್ರಿಂಗಿನ ಕೊಕ್ಕೆಯನ್ನು ಉದ್ದ ಸ್ಕ್ರೂಡ್ರೈವರಿನಿಂದ ಮೀಟಿ ಬಿಡಿಸಿದ್ದಾರೆ. ಅದು ಠಣ್ಣೆಂದು ಹಾರಿ ಬಣ್ಣದ ಡಬ್ಬಕ್ಕೆ ಬಡಿದಿದೆ. ಏಳೂ ಕಾಲಿಗೆ ಹಳೆಯ ಬೆಲ್ಟು ಹೊರಗೆ ಬಂದಿದೆ. ವರ್ಲಿನ್ ಅದನ್ನು ಎಸೆಯುವುದಿಲ್ಲ. ಇಲ್ಲಿ ಯಾರೂ ಎಸೆಯುವುದಿಲ್ಲ. ಸೀಮೆಎಣ್ಣೆ ಬಟ್ಟೆಯಿಂದ ಅಡಿಯಿಂದ ಮುಡಿಯವರೆಗೆ ಒರೆಸಿ, ಗೋಡೆಯ ಮೊಳೆಗೆ ನೇತುಹಾಕುತ್ತಾರೆ. ಈ ಸೀಮೆಯ ಪ್ರತಿ ಗ್ಯಾರೇಜಿನಲ್ಲೂ ಅಂಥದೊಂದು ಮೊಳೆ ಇರುತ್ತದೆ, ಅದರ ಮೇಲೆ 'ಯಾವುದಕ್ಕಾದರೂ ಆದೀತು' ಎಂದು ಕಾಯುವ ಆರೇಳು ಸತ್ತ ಬೆಲ್ಟುಗಳಿರುತ್ತವೆ. ಹೊಸ ಬೆಲ್ಟೂ ಅದೇ ಮೊಳೆಯಲ್ಲಿದೆ. ಪೊಟ್ಟಣದ ಮಡಿಕೆ ಬಿಡಲೆಂದು ವರ್ಲಿನ್ ಅದನ್ನು ನಿನ್ನೆಯೇ ಬಿಚ್ಚಿ ತೂಗುಹಾಕಿದ್ದರು.

ಹೊರಗೆ ಕಾರು ನಿಂತ ಸದ್ದು. ಮಾರ್ಜೀನ್ ಓಪೆಗಾರ್ಡ್, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ.

"ಬಂದಳು ನೋಡು ಗೂಢಚಾರಿಣಿ," ವರ್ಲಿನ್ ಪಿಸುಗುಟ್ಟುತ್ತಾರೆ. "ಮೋವರ್ ಪಕ್ಕ ನಿನ್ನ ನೋಡಿದ್ರೆ ನೀನೇ ಮಾಡಿಕೊಟ್ಟೆ ಅಂತ ಊರೆಲ್ಲಾ ಸಾರ್ತಾಳೆ. ಹೋಗು, ಹೊರಗೇ ತಡಿ ಅವಳನ್ನ."

ಆರ್ಡಿಸ್ ಕಾಫಿ ಲೋಟದೊಂದಿಗೇ ಹೊರಗೆ ನಡೆಯುತ್ತಾರೆ. ಅರ್ಧ ಎದ್ದ ಬಾಗಿಲಿನ ಆಚೆ ಎರಡು ಜೊತೆ ಬೂಟು ಮಾತ್ರ ಕಾಣುತ್ತಿವೆ.

"ಏನಿಲ್ಲ, ಹಂಗೇ ಈ ಕಡೆ ಬಂದಿದ್ದೆ," ಮಾರ್ಜೀನ್ ದನಿ, ಸಕ್ಕರೆ ಪುಡಿ ಉದುರಿಸಿದ ಹಾಗೆ. "ರೂಬಾರ್ಬ್ ಬಾರ್ ಜಾಸ್ತಿ ಆಯ್ತು. ವರ್ಲಿನ್ ಎದ್ದಿದ್ದಾನಾ?"

"ಎದ್ದಿದ್ದಾನೆ."

"ಮೋವರ್ ಸರಿಹೋಯ್ತಾ ಅಂತ ಕೇಳೋಕೆ ಬಂದಿಲ್ಲ ಮತ್ತೆ."

"ಗೊತ್ತಾಯ್ತು ಬಿಡು."

"ಅಲ್ಲ, ಸರಿಹೋಗಿದ್ರೆ ಒಳ್ಳೇದೇ."

"ಮಳೆ ಬರುತ್ತೆ ಅಂತೀಯಾ?"

ಇಲ್ಲಿ ಇಬ್ಬರು ಮಳೆಯ ಮಾತು ಶುರು ಮಾಡಿದರೆ ಹತ್ತು ನಿಮಿಷಕ್ಕೆ ಕಮ್ಮಿ ಮುಗಿಸುವುದು ಮರ್ಯಾದೆಯಲ್ಲ. ಅದಾದ ಮೇಲೆ ಮಾರ್ಜೀನ್ ಸೊಸೆಯ ಪಿತ್ತಕೋಶ. ಆರ್ಡಿಸ್ ತಟ್ಟೆಯೊಂದಿಗೆ ಹಿಂತಿರುಗುವಷ್ಟರಲ್ಲಿ ವರ್ಲಿನ್ ಮೊಳೆಯಿಂದ ಬೆಲ್ಟು ಇಳಿಸಿ, ಎಂಜಿನ್ನಿನ ಕೆಳಗಿನ ಪುಲ್ಲಿಯಿಂದ ಹಿಂದಿನ ಪುಲ್ಲಿಯವರೆಗೆ ಸುತ್ತಿಬಿಟ್ಟಿದ್ದಾರೆ. ಆರ್ಡಿಸ್ ಕನ್ನಡಕ ಸರಿಸಿ, ಟಾರ್ಚು ಹಾಕಿ, ರಟ್ಟಿನ ನಾಯಿಗೂ ಮೋವರಿಗೂ ಕಾಲು ಕಾಲು ತಾಳೆ ನೋಡುತ್ತಾರೆ. ಬೆಲ್ಟು ಹಾರದಂತೆ ತಡೆಯುವ ಕಂಬಿಗಳ ಒಳಗೇ ಇದೆ. ಚಪ್ಪಟೆ ಪುಲ್ಲಿಗೆ ಬೆನ್ನು ಕೊಟ್ಟಿದೆ. ದಾರಿ ಸರಿ.

ಉಳಿದದ್ದು ಸ್ಪ್ರಿಂಗು. ಬೆರಳುದ್ದದ ಉಕ್ಕಿನ ಸುರುಳಿಯನ್ನು ಎಳೆದು ಅರ್ಧ ಅಂಗುಲ ಆಚೆಯ ತೂತಿಗೆ ಸಿಕ್ಕಿಸಬೇಕು. ವರ್ಲಿನ್ ಇಕ್ಕುಳ ಹಿಡಿಯುತ್ತಾರೆ, ಬೆರಳು ಬಿಡುತ್ತದೆ. ಮತ್ತೆ ಹಿಡಿಯುತ್ತಾರೆ, ಮತ್ತೆ ಬಿಡುತ್ತದೆ. ನಾಲ್ಕನೆಯ ಸಲ ಇಕ್ಕುಳ ನೆಲಕ್ಕೆ ಬೀಳುತ್ತದೆ. ಅವರು ಅದನ್ನು ಎತ್ತಿಕೊಳ್ಳದೆ ತಮ್ಮ ಕೈಯನ್ನೇ ನೋಡುತ್ತಾ ಕೂರುತ್ತಾರೆ.

"ಇಷ್ಟೇ ನೋಡು," ಎನ್ನುತ್ತಾರೆ. "ಇಷ್ಟೇ ಉಳಿದಿರೋದು."

ಆರ್ಡಿಸ್ ಸಮಾಧಾನ ಹೇಳುವುದಿಲ್ಲ. "ಚಿಲ್ಲರೆ ಡಬ್ಬ ಎಲ್ಲಿ?" ಎನ್ನುತ್ತಾರೆ.

"ಏನು, ಕೂಲಿ ಈಗ್ಲೇ ಬೇಕಾ?"

"ಒಂದು ಸೆಂಟಿನ ನಾಣ್ಯ ಒಂದು ಹತ್ತು ಹನ್ನೆರಡು ತಗೊಂಬಾ."

ಈ ಉಪಾಯ ಕೈಪಿಡಿಯಲ್ಲಿಲ್ಲ. ಸ್ಪ್ರಿಂಗಿನ ಒಂದು ತುದಿಯನ್ನು ಮೇಜಿಗೆ ಬಿಗಿದ ವೈಸಿನ ದವಡೆಗೆ ಕಚ್ಚಿಸಿ, ಇನ್ನೊಂದಕ್ಕೆ ಪೈಪು ತೂರಿಸಿ, ಒಂದು ಪಕ್ಕಕ್ಕೆ ಒರಗಿದರೆ ಸ್ಪ್ರಿಂಗು ಬಾಗುತ್ತದೆ. ಹೊರಗಿನ ಸುತ್ತುಗಳ ನಡುವೆ ಸಂದು ಬಿಡುತ್ತದೆ. ಆ ಸಂದಿಗೊಂದು ನಾಣ್ಯ. ಆಮೇಲೆ ಇನ್ನೊಂದು ಪಕ್ಕಕ್ಕೆ ಬಾಗಿಸಿ ಅಲ್ಲೊಂದು. ನಾಣ್ಯಗಳು ತುಂಬಿದಂತೆ ಸ್ಪ್ರಿಂಗು ತಾನಾಗಿ ಉದ್ದವಾಗುತ್ತದೆ, ಎಳೆಯುವ ಕೆಲಸವೇ ಇಲ್ಲ.

"ಬೆರಳಲ್ಲಿ ಅಲ್ಲ ವರ್ಲಿನ್. ಸೊಂಟ ಕೊಡು. ಕೈ ಬೇಡ, ಮೈ ಹಾಕು. ಹಸು ದೊಡ್ಡಿ ಬಾಗಿಲಲ್ಲಿ ಅಡ್ಡ ನಿಂತ್ರೆ ಹೆಂಗೆ ತಳ್ತಿದ್ದೆ?"

"ಬೈದು ತಳ್ತಿದ್ದೆ."

"ಬೈಯ್ಯಿ. ಬೈಗುಳ ನಾನು ಮುಟ್ಟಲ್ಲ."

ವರ್ಲಿನ್ ಬೈಯುತ್ತಾರೆ, ಎಪ್ಪತ್ತೊಂಬತ್ತು ವರ್ಷದ ಲೂಥರನ್ ಚರ್ಚಿನ ಮನುಷ್ಯನಿಗೆ ಗೊತ್ತಿರಬಾರದಷ್ಟು. ಹನ್ನೊಂದು ನಾಣ್ಯ ಕೂತಾಗ ಸ್ಪ್ರಿಂಗು ಬೇಕಾದಷ್ಟು ಉದ್ದವಾಗಿದೆ. ಕೊಕ್ಕೆ ಮೆತ್ತಗೆ ತೂತಿಗೆ ಹೋಗುತ್ತದೆ. ಕಬ್ಬಿಣದ ಸರಳಿನಿಂದ ಒಂದು ಸಣ್ಣ ಮೀಟು. ನಾಣ್ಯಗಳು ಟಿಣ್ ಟಿಣ್ಣೆಂದು ಕಾಂಕ್ರೀಟಿಗೆ ಉದುರುತ್ತವೆ. ಒಂಬತ್ತೂ ಹತ್ತು. ಮೂರೂವರೆ ಗಂಟೆಯ ಕೆಲಸ. ವರ್ಲಿನ್ ಮಾರ್ಜೀನ್ ತಂದ ಸಿಹಿ ರೂಬಾರ್ಬ್ ಬಾರೊಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಳ್ಳುತ್ತಾರೆ.

ಹನ್ನೊಂದಕ್ಕೆ ಅವರು ಮೋವರನ್ನು ರಸ್ತೆಯ ಅಂಚಿನಲ್ಲಿ ಓಡಿಸಿಕೊಂಡು ಚರ್ಚಿಗೆ ಹೊರಡುತ್ತಾರೆ, ಕಾಲು ಮೈಲಿ ಸಮನೆಲ. ಹಿಂದೆ ಆರ್ಡಿಸ್ ಅವರ ಪಿಕಪ್ಪು, ಮದುವೆ ಮೆರವಣಿಗೆಯ ವೇಗದಲ್ಲಿ. ಚರ್ಚಿನ ಅಂಗಳದಲ್ಲಿ ಮಾರ್ಜೀನ್ ದೊಡ್ಡ ಕಾಫಿ ಪಾತ್ರೆಗಳನ್ನು ತೊಳೆಯುತ್ತಿದ್ದಾರೆ. ವರ್ಲಿನ್ ಟೋಪಿ ಎತ್ತಿ ವಂದಿಸಿ, ಗೇಟು ದಾಟಿ, ಹುಲ್ಲು ಕತ್ತರಿಸುತ್ತಾ ತೊರೆಯವರೆಗೆ ನೀಟಾಗಿ ಒಂದು ಪಟ್ಟೆ ಎಳೆಯುತ್ತಾರೆ. ತಿರುಗುತ್ತಾರೆ. ಹತ್ತತೊಡಗುತ್ತಾರೆ.

ಗುಂಯ್ಯ್ಯ್... ಉಸ್ಸ್.

ಮೋವರ್ ನಿಲ್ಲುತ್ತದೆ. ಎಂಜಿನ್ ಅರಚುತ್ತದೆ, ಚಕ್ರ ಕೇಳಿಸಿಕೊಳ್ಳುವುದಿಲ್ಲ. ಮತ್ತೊಮ್ಮೆ. ಗುಂಯ್ಯ್ಯ್... ಮೋವರ್ ಒಂದಡಿ ಹಿಂದಕ್ಕೇ ಜಾರುತ್ತದೆ. ಮಾರ್ಜೀನ್ ಕೈಯಲ್ಲಿ ಪಾತ್ರೆ ಹಾಗೇ ನಿಂತಿದೆ.

"ಪರವಾಗಿಲ್ಲ ವರ್ಲಿನ್," ಎನ್ನುತ್ತಾರೆ ಅವರು ಬೇಲಿಯ ಹತ್ತಿರ ಬಂದು, ಆಸ್ಪತ್ರೆಯಲ್ಲಿ ಮಾತಾಡುವ ದನಿಯಲ್ಲಿ. "ನಾಳೆ ಸಂಜೆವರೆಗೂ ಟೈಮ್ ಇದ್ದೇ ಇದೆ. ಸುಸ್ತು ಮಾಡ್ಕೋಬೇಡ."

ತೊರೆಯ ಕಡೆಯ ಇನ್ನೊಂದು ಗೇಟಿನಿಂದ ಸುತ್ತುಬಳಸಿ, ಏರು ತೀರಾ ಕಮ್ಮಿಯಿರುವ ದಾರಿಯಲ್ಲಿ ಆಮೆಯಂತೆ ಮೋವರ್ ಮನೆಗೆ ಬರುತ್ತದೆ. ವರ್ಲಿನ್ ಅದರ ಮೇಲಿಂದ ಇಳಿಯುವುದೂ ಇಲ್ಲ.

"ಕರೀಲಿ ಬಿಡು ಕಂಪನೀನ. ನನ್ನ ಕೈ ಸರಿಯಾಗಿ ಬಿಗಿದಿಲ್ಲ. ನನಗೆ ಗೊತ್ತಿತ್ತು."

ಆರ್ಡಿಸ್ ಬಕೆಟ್ಟಿನ ಮೇಲೆ ಕೂರುವುದಿಲ್ಲ. ಕಣ್ಣು ಮುಚ್ಚಿ ನಿಂತಿದ್ದಾರೆ. ಗುಂಯ್ಯ್... ಉಸ್ಸ್. ಬೆಳಿಗ್ಗೆ ಫೋನಿನಲ್ಲಿ ಯಾರಾದರೂ ಈ ಶಬ್ದ ಮಾಡಿದ್ದರೆ ಅವರು ಏನು ಹೇಳುತ್ತಿದ್ದರು? ಸ್ಪ್ರಿಂಗು ಎನ್ನುತ್ತಿರಲಿಲ್ಲ. ಬೆಲ್ಟು ಸವೆದಿದೆ ಎನ್ನುತ್ತಿದ್ದರು. ಕಣ್ಣು ತೆರೆದು ಗೋಡೆಯ ಮೊಳೆಯ ಹತ್ತಿರ ಹೋಗುತ್ತಾರೆ. ಆಮೇಲೆ, ಈ ಒಂಬತ್ತು ವರ್ಷದಲ್ಲಿ ಯಾವ ಗ್ಯಾರೇಜೂ ಕಾಣದ ಕೆಲಸ ಮಾಡುತ್ತಾರೆ. ಕೈ ಚಾಚಿ, ಅಲ್ಲಿರುವ ಬೆಲ್ಟುಗಳ ಅಂಚನ್ನು ಗೋಡೆಯ ಕಡೆಯಿಂದ ಒಂದೊಂದಾಗಿ ಹೆಬ್ಬೆರಳಿನಿಂದ ಸವರುತ್ತಾರೆ. ಮೊದಲನೆಯದು ಪಾಲಿಶ್ ಹಾಕಿದ ಬೂಟಿನಂತೆ ನುಣುಪು. ಅದರ ಮುಂದಿನವೂ ಅಷ್ಟೇ. ತೀರಾ ಹೊರಗಿನದು ಒರಟು, ಬಟ್ಟೆಯ ಹಾಗೆ.

"ವರ್ಲಿನ್. ಹೊಸ ಬೆಲ್ಟು ಇಲ್ಲೇ ಇದೆ."

ವರ್ಲಿನ್ ಮೋವರಿನ ಮೇಲಿಂದಲೇ ಕತ್ತು ಹೊರಳಿಸುತ್ತಾರೆ.

"ಹಳೇದನ್ನ ಒರೆಸಿ ಹೊಸದರ ಮೇಲೇ ನೇತುಹಾಕ್ದೆ. ತಗೊಳ್ಳೋವಾಗ ಮೇಲಿದ್ದಿದ್ದನ್ನ ತಗೊಂಡೆ. ತೆಗೆದಿದ್ದನ್ನೇ ತಿರುಗಿ ಹಾಕಿದ್ದೀವಿ."

ವರ್ಲಿನ್ ಮುಖ ಮೊದಲು ಬಿಳಿಚಿಕೊಳ್ಳುತ್ತದೆ, ಆಮೇಲೆ ಕೆಂಪಾಗುತ್ತದೆ. "ಅಂದ್ರೆ... ನನ್ನ ಕೈ?"

"ನಿನ್ನ ಕೈ ಬಿಗಿದಿದ್ದು ಚೆನ್ನಾಗೇ ಬಿಗಿದಿದೆ. ತಪ್ಪು ನಂದು. ದಾರಿ ನೋಡ್ದೆ, ದಾರೀಲಿ ಹೋಗ್ತಿರೋನು ಯಾರು ಅಂತ ನೋಡ್ಲಿಲ್ಲ. ಒಂದು ಬೆರಳು ತಾಗಿಸಿದ್ರೆ ಅಲ್ಲೇ ಗೊತ್ತಾಗ್ತಿತ್ತು. ನಾನು ದೊಡ್ಡ ಮಡಿ ಹೆಂಗಸು ನೋಡು." ಅವರ ದನಿ ಸಣ್ಣಗಾಗಿದೆ. ಕಾಲರಿನ ಗುಂಡಿ ಬಿಚ್ಚುತ್ತಾರೆ, ತೋಳು ಮಡಿಸುತ್ತಾರೆ. "ನಿನ್ನ ಬೆಳಗಿನ ಹೊತ್ತೆಲ್ಲಾ ನಾನು ಹಾಳು ಮಾಡ್ದೆ, ಕೈ ಬೇರೆ ಊದಿದೆ. ಸರಿ ಆ ಕಡೆ. ಈ ಸಲ ನಾನೇ ಹಾಕ್ತೀನಿ."

ವರ್ಲಿನ್ ಮೋವರಿನಿಂದ ಇಳಿಯುತ್ತಾರೆ. ಬಂದು ಆರ್ಡಿಸ್‌ಗೂ ಯಂತ್ರಕ್ಕೂ ನಡುವೆ ನಿಲ್ಲುತ್ತಾರೆ.

"ಮುಟ್ಟಿದ್ರೆ ನೋಡು ಮತ್ತೆ," ಎನ್ನುತ್ತಾರೆ. "ಹೋಗು, ನಿನ್ನ ಬಕೆಟ್ಟಿನ ಮೇಲೆ ಕೂತ್ಕೋ. ಕಾಫಿ ಇದೆ."

ಆರ್ಡಿಸ್ ನಿಂತೇ ಇದ್ದಾರೆ.

"ಕೂತ್ಕೋ ಅಂದೆ. ಪ್ಲಗ್ಗಿನ ತಂತಿ ಕಿತ್ತಿದ್ದೀನಿ. ಬೇಕಾದ್ರೆ ತೋರಿಸ್ತೀನಿ."

ಅವರು ಕೂರುತ್ತಾರೆ. ಈ ಸಲ ಅವರು ಹೆಚ್ಚು ಮಾತಾಡುವುದಿಲ್ಲ, ಮಾತಾಡುವ ಅಗತ್ಯವೂ ಬೀಳುವುದಿಲ್ಲ. ಪೆಟ್ಟಿಗೆ ಹೊರಗೆ, ಸ್ಪ್ರಿಂಗು ಠಣ್, ಬೆಲ್ಟು ಹೊರಗೆ. ಹಳೆಯದನ್ನು ವರ್ಲಿನ್ ಮೊಳೆಗೆ ಹಾಕಲು ಕೈಯೆತ್ತಿ, ಅರ್ಧದಲ್ಲಿ ನಿಲ್ಲಿಸಿ, ನಾಯಿಗೂಡಿನ ಕಡೆಗೆ ಬೀಸಿ ಎಸೆಯುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಇರಬೇಕು. ಹೊಸ ಬೆಲ್ಟನ್ನು ಪುಲ್ಲಿಗೆ ಏರಿಸುವ ಮುನ್ನ ಬಕೆಟ್ಟಿನ ಕಡೆ ಚಾಚುತ್ತಾರೆ. ಆರ್ಡಿಸ್ ಹೆಬ್ಬೆರಳಿನಿಂದ ಅದರ ಅಂಚನ್ನು ಒಮ್ಮೆ ಸವರಿ ತಲೆಯಾಡಿಸುತ್ತಾರೆ. ರಟ್ಟಿನ ನಾಯಿಯನ್ನು ಒಂದು ಸಲ ನೋಡಿಕೊಂಡರೆ ಸಾಕು, ದಾರಿ ಗೊತ್ತಾಗಿದೆ. ವೈಸು, ಪೈಪು, ಸೊಂಟ, ಬೈಗುಳ, ಹನ್ನೊಂದು ನಾಣ್ಯ. ಬೆಳಿಗ್ಗೆ ಮೂರೂವರೆ ಗಂಟೆ ಹಿಡಿದದ್ದು ಮಧ್ಯಾಹ್ನ ಎಪ್ಪತ್ತು ನಿಮಿಷದಲ್ಲಿ ಮುಗಿದಿದೆ. ಗೋಡೆಯ ರಟ್ಟಿನ ಮೇಲೆ, ತಾರೀಖಿನ ಕೆಳಗೆ, ವರ್ಲಿನ್ ಪೆನ್ಸಿಲಿನಲ್ಲಿ ಸೇರಿಸುತ್ತಾರೆ: ಎರಡು ಸಲ.

ಶುಕ್ರವಾರ. ಇಬ್ಬನಿ ಆರುವುದನ್ನು ಕಾದು ವರ್ಲಿನ್ ಒಂಬತ್ತಕ್ಕೆ ಶುರು ಮಾಡಿದ್ದಾರೆ. ಸಂಜೆ ನಾಲ್ಕಕ್ಕೆ ಕೊನೆಯ ಪಟ್ಟೆಗಳು ಉಳಿದಿವೆ. ಆರ್ಡಿಸ್ ಆ ವಾರದ ನಾಲ್ಕನೆಯ ಗ್ಯಾರೇಜು ಮುಗಿಸಿಕೊಂಡು ಬಂದಿದ್ದಾರೆ. ಪಿಕಪ್ಪನ್ನು ಚರ್ಚಿನ ಬೇಲಿಯ ಪಕ್ಕ ನಿಲ್ಲಿಸಿ, ಕಿಟಕಿ ಇಳಿಸಿ, ಕಣ್ಣು ಮುಚ್ಚಿ ಕೂತಿದ್ದಾರೆ. ನೋಡಲು ಬಂದವರಲ್ಲ, ಕೇಳಲು ಬಂದವರು. ಮೋವರ್ ತೊರೆಯ ಹತ್ತಿರ ತಿರುಗುತ್ತದೆ. ಹತ್ತುತ್ತದೆ. ಒಂದೇ ಸಮನೆ, ದುಂಬಿಯ ಹಾಗೆ, ದನಿ ಏರದೆ ಇಳಿಯದೆ ಮೇಲಿನ ಗೇಟಿನವರೆಗೆ ಬರುತ್ತದೆ. ದಾರಿಯಲ್ಲಿ ಒಂದು ಕಡೆ ಮಾತ್ರ ನಿಲ್ಲುತ್ತದೆ. ಹುಲ್ಲಿನಲ್ಲಿ ಮುಳುಗಿದ ಆ ಪುಟ್ಟ ಕಲ್ಲಿನ ಸುತ್ತ ವರ್ಲಿನ್ ಕೈಕತ್ತರಿಯಿಂದ ಕತ್ತರಿಸಿ, ಮತ್ತೆ ಹತ್ತಿ ಕೂರುತ್ತಾರೆ.

ಇಂಥ ಹೊತ್ತಿನಲ್ಲಿ ಏನು ಅನಿಸುತ್ತದೆ ಎಂದು ಕೇಳಿದರೆ ಆರ್ಡಿಸ್ ಕಣ್ಣು ತೆರೆಯದೆಯೇ ಉತ್ತರಿಸುತ್ತಾರೆ. "ಹಳೇ ಅಂಗಡಿ ಹಿಂದಿನ ಕೋಣೆಗೆ ಒಂದೇ ಒಂದು ಸಲ ಹೋಗ್ಬೇಕು ಅಂತ ಆಸೆ ಇತ್ತು. ಈಗ ಅಲ್ಲಿ ಟೈರ್ ಗೋದಾಮು. ಹೋಗ್ಲಿ ಬಿಡಿ. ಈ ಜಿಲ್ಲೇಲಿ ನಾನ್ನೂರು ಹಿಂದಿನ ಕೋಣೆ ನೋಡಿದ್ದೀನಿ."

ಬೇಲಿಯ ಹತ್ತಿರ ಮಾರ್ಜೀನ್, ಮೋವರಿನಿಂದ ಇಳಿದು ಬಂದ ವರ್ಲಿನ್ ಕೈಗೆ ನಿಂಬೆ ಪಾನಕದ ಲೋಟ ಕೊಡುತ್ತಿದ್ದಾರೆ. ನಾಲ್ಕು ಹೆಜ್ಜೆ ದೂರದ ಪಿಕಪ್ಪಿಗೆ ಪ್ರತಿ ಮಾತೂ ಕೇಳಿಸುತ್ತಿದೆ.

"ಚೆನ್ನಾಗಿ ಬಂದಿದೆ ವರ್ಲಿನ್. ನಿಜವಾಗ್ಲೂ. ಕಂಪನಿಗೆ ಫೋನ್ ಮಾಡೋ ಅಗತ್ಯ ಬರ್ಲಿಲ್ಲ." ಪಿಕಪ್ಪಿನ ಕಡೆ ಕಣ್ಣು ಹಾಯಿಸಿ, ಆ ಸಕ್ಕರೆ ದನಿಯಲ್ಲಿ: "ಆರ್ಡಿಸ್ ಮಾಡಿಕೊಟ್ಲಾ?"

"ಯಾರು, ಅವಳಾ?" ವರ್ಲಿನ್ ಪಾನಕ ಒಂದೇ ಗುಟುಕಿಗೆ ಮುಗಿಸಿ, ಖಾಲಿ ಲೋಟವನ್ನು ಆ ಗಂಟುಗಂಟು ಬೆರಳುಗಳಲ್ಲಿ ತಿರುಗಿಸುತ್ತಾರೆ. "ಬಕೆಟ್ಟಿನ ಮೇಲೆ ಕೂತ್ಕೊಂಡು ನನ್ನ ಕಾಫಿ ಎಲ್ಲಾ ಖಾಲಿ ಮಾಡಿದ್ಲು. ಅಷ್ಟೇ ಅವಳು ಮಾಡಿದ್ದು."

ಆರ್ಡಿಸ್ ಕಣ್ಣು ತೆರೆಯುತ್ತಾರೆ. ಮುಖವೆಲ್ಲ ಅರಳಿದೆ. ಕಿಟಕಿಯಿಂದ ಬಗ್ಗಿ, ಹೊರಗೆ ನಿಂತ ನನ್ನ ಟಿಪ್ಪಣಿ ಪುಸ್ತಕದ ಮೇಲೆ ಬೆರಳಿನಿಂದ ತಟ್ಟುತ್ತಾರೆ. ಹೆಬ್ಬೆರಳಿನ ತುದಿಯಲ್ಲಿ ಕಪ್ಪು ಮಸಿ ಇನ್ನೂ ಹಾಗೇ ಇದೆ.

"ಕೇಳಿಸ್ತಾ? ಅದನ್ನ ಬರ್ಕೊಳ್ಳಿ. ಅವನು ಹೇಳಿದ ಹಾಗೇ ಬರ್ಕೊಳ್ಳಿ."